ತಿಂದದ್ದು ಮೈಗೆ ಹತ್ತುತ್ತಿಲ್ಲವೇ? ಹೊಟ್ಟೆ ಡಾಕ್ಟರನ್ನು ಕೇಳಿ

ಮಂಡ್ಯ: ಮೇಡಂ, ಮುದ್ದೆ ಅಗಿಯದೆ ನುಂಗಿದರೆ ಜೀರ್ಣ ಆಗುತ್ತಾ? ಸೊಸೆ ಅಗಿದು ತಿನ್ನಿ ಅಂತಾಳೆ.

ಡಾಕ್ಟರ್: ಆಗುತ್ತದೆ. ಜೊಲ್ಲು ಪಿಷ್ಟ ಒಡೆಯಲು ಶುರು ಮಾಡುತ್ತದೆ ಅಷ್ಟೆ. ಹೆಚ್ಚಿನ ಕೆಲಸ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ರಸದಿಂದ. ತುತ್ತು ಚಿಕ್ಕದಿರಲಿ.

ಧಾರವಾಡ: ಊಟದ ನಡುವೆ ನೀರು ಕುಡಿದರೆ ಜೀರ್ಣರಸ ತೆಳುವಾಗುತ್ತದಂತೆ, ಖರೆ ಏನ್ರಿ?

ಡಾಕ್ಟರ್: ಇಲ್ಲ. ಬಾಯಾರಿದರೆ ಕುಡಿಯಿರಿ.

ಹಾಸನ: ಅಮ್ಮನಿಗೆ 58, ಸಸ್ಯಾಹಾರಿ. ಶುಗರ್‌ಗೆ ಮೆಟ್‌ಫಾರ್ಮಿನ್. ಗ್ಯಾಸ್ ಅಂತ 4 ವರ್ಷದಿಂದ ದಿನಾ ಪ್ಯಾಂಟೊಪ್ರಜೋಲ್, ಮೆಡಿಕಲ್ ಶಾಪಿನಿಂದ ನಾವೇ ತರುತ್ತೇವೆ. ಈಗ ಪಾದ ಜೋಮು, ನಾಲಿಗೆ ಉರಿ, ಕತ್ತಲಲ್ಲಿ ನಡೆದರೆ ವಾಲುತ್ತಾರೆ. ರಕ್ತ ಕಡಿಮೆ ಅಂತ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದ್ದೇವೆ.

ಡಾಕ್ಟರ್: ಇದನ್ನು ಓದಿ ನನಗೆ ಚಿಂತೆಯಾಯಿತು. ಬಿ12 ಕೊರತೆ ಇರಬಹುದು. ಈ ವಿಟಮಿನ್ ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಸುವುದು ಹೊಟ್ಟೆಯ ಆಸಿಡ್ ಮತ್ತು ಪೆಪ್ಸಿನ್. ಆಮೇಲೆ ಜಠರದಲ್ಲೇ ತಯಾರಾಗುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದುಕೊಂಡು, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ತಲುಪಿಸಬೇಕು. ಹೀರಿಕೊಳ್ಳುವುದು ಅಲ್ಲಿ. ಗ್ಯಾಸ್ ಮಾತ್ರೆ ಆಸಿಡ್ಡನ್ನೇ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡರೂ ಬಿ12 ಇಳಿಯಬಹುದು. ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಅದು ಸಿಗುವುದೇ ಕಷ್ಟ. ನಿಮ್ಮ ಅಮ್ಮನಿಗೆ ಮೂರೂ ಸೇರಿವೆ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದ ಹಾಗೆ ಕಾಣುತ್ತದೆ, ನರಗಳು ಒಳಗೇ ಕೆಡುತ್ತಾ ಹೋಗುತ್ತವೆ. ತಡವಾದರೆ ಪೂರ್ತಿ ಸರಿಹೋಗದೆ ಇರಬಹುದು. ಶುಗರ್‌ನಿಂದಲೂ ಜೋಮು ಬರುತ್ತದೆ, ಅದಕ್ಕೇ ಪರೀಕ್ಷೆ ಬೇಕು. ಬೇಗ ತೋರಿಸಿ. ಶುಗರ್ ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಮೈಸೂರು: ಅಕ್ಕಾ, ಪರೀಕ್ಷೆಗೆ ಸುಮ್ನೆ ಯಾಕೆ ದುಡ್ಡು? ತಂಗಳನ್ನಕ್ಕೆ ಮಜ್ಜಿಗೆ ಹಾಕಿ ಕೊಡಿ, ಬೇಕಾದಷ್ಟು ಬಿ12 ಇದೆಯಂತೆ.

ಬಳ್ಳಾರಿ: ಮೊಟ್ಟೆ ಕೊಡಿ, ಮುಗೀತು.

ಮೈಸೂರು: ನಮ್ಮ ಮನೆಗಳಲ್ಲಿ ಏನು ಬೇಯಿಸಬೇಕು ಅಂತ ನೀವು ಹೇಳಬೇಡಿ.

ಬಳ್ಳಾರಿ: ಕಾಯಿಲೆಗೆ ಜಾತಿ ಗೊತ್ತಾ? ಔಷಧಿ ಅಂತ ತಿನ್ನಲಿ.

ಮೈಸೂರು: ಜಾತಿ ಎಳೆದು ತಂದವರು ನೀವು!

ಶಿರಸಿ: ನನ್ನ ಮಗುವಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ. ಯಾರಾದರೂ ಹೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ನರಕ್ಕೆ ಪೆಟ್ಟು ಬಿದ್ದಿದ್ದರೆ ತಂಗಳನ್ನವೂ ಸಾಲದು, ಮೊಟ್ಟೆಯೂ ಸಾಲದು. ಇಂಜೆಕ್ಷನ್ ಬೇಕಾಗಬಹುದು.

ತುಮಕೂರು: ಖಾಲಿ ಹೊಟ್ಟೆಗೆ ನಿಂಬೆರಸ, ಅಡುಗೆ ಸೋಡಾ. 3 ದಿನದಲ್ಲಿ ಕರುಳು ಸ್ವಚ್ಛ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಅಳಿಸಿ ಇದನ್ನು. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ತಾವೇ ಹೊಸದಾಗುತ್ತವೆ. ಅದನ್ನು ಯಾರೂ ತೊಳೆಯಬೇಕಿಲ್ಲ. ಸೋಡಾದಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಕಿಡ್ನಿ ತೊಂದರೆ ಇರುವವರು ಇಂಥದ್ದನ್ನು ನಂಬಿ ಕುಡಿದರೆ ಹೊಣೆ ಯಾರು?

ತುಮಕೂರು: ಬಂದದ್ದು ಕಳಿಸಿದೆ, ಅದಕ್ಕೆ ಇಷ್ಟು ಸಿಟ್ಟಾ?

ಕೋಲಾರ: ಊಟದ ಮಧ್ಯೆ ನೀರು ಕುಡಿಯಬಹುದಾ?

ಡಾಕ್ಟರ್: ಮೇಲೆ ನೋಡಿ.

ಹಾಸನ: ಮೇಡಂ, ನಾಳೆ ಭಾನುವಾರ. ಸೋಮವಾರ ಹೋದರೆ ಆಗುತ್ತಾ?

ಡಾಕ್ಟರ್: ಸೋಮವಾರ ಬೆಳಿಗ್ಗೆಯೇ ಹೋಗಿ. ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಅಲ್ಲಿಯವರೆಗೆ ರಾತ್ರಿ ಬಚ್ಚಲಿಗೆ ಹೋಗುವಾಗ ದೀಪ ಹಾಕಿ, ಕೈ ಹಿಡಿದುಕೊಳ್ಳಿ.