ಕುತ್ತಿಗೆ ನರ ಒತ್ತಿದ್ದಕ್ಕೆ ಆಪರೇಷನ್: ಮಾಡಿಸಿಕೊಂಡವರು ಹೇಳ್ತೀರಾ?

ಶಿರಸಿಯಿಂದ ಕೇಳುತ್ತಿದ್ದೇನೆ. ನಮ್ಮ ಯಜಮಾನರಿಗೆ ಮಳೆಗಾಲದಿಂದ ಕುತ್ತಿಗೆಯಿಂದ ಎಡಗೈವರೆಗೆ ಸೆಳೆತ, ನಡುಬೆರಳು ಜೋಮು. ಕುತ್ತಿಗೆಯ ಆರನೇ ಏಳನೇ ಎಲುಬುಗಳ (ಸಿ6–ಸಿ7) ನಡುವಿನ ಮೆತ್ತೆ, ಅಂದರೆ ಡಿಸ್ಕ್, ನರ ಒತ್ತಿದೆ ಅಂತ ಎಂಆರ್‌ಐನಲ್ಲಿ ಬಂದಿದೆ. ಆಪರೇಷನ್ ಅಂದಿದ್ದಾರೆ. ಭಯ ಆಗುತ್ತಿದೆ.

ಕುಮಟಾದಿಂದ:
ಅಕ್ಕಾ, ನನಗೂ ಅದೇ ಜಾಗ. ಆಪರೇಷನ್ ಆಗಿದೆ, ಈಗ ಚೆನ್ನಾಗಿದ್ದೇನೆ. ಬರೀ ನೋವು, ಜೋಮು ಆದರೆ ಹೆಚ್ಚಿನವರಿಗೆ ಮಾತ್ರೆ, ಫಿಸಿಯೋಥೆರಪಿಯಲ್ಲೇ 6ರಿಂದ 12 ವಾರದಲ್ಲಿ ಇಳಿಯುತ್ತದೆ. ಕೈಯ ಶಕ್ತಿಯೂ ಹೋಗುತ್ತಿದೆಯಾ ನೋಡಿ. ನಾನು ಭಾರದ ಬಾಗಿಲು ದೂಡಿದರೆ ಮೊಣಕೈ ಮಡಚಿಕೊಂಡುಬಿಡುತ್ತಿತ್ತು. ಕೈ ನೆಟ್ಟಗೆ ಮಾಡುವ ಸ್ನಾಯುವಿಗೆ ಹೋಗುವುದು ಆ ನರವೇ. ಅದು ಸೊರಗುತ್ತಾ ಬಂದಾಗ ಇನ್ನು ಕಾಯುವುದು ಬೇಡ ಅಂದರು.

ಕುತ್ತಿಗೆಯ ಮುಂದೆ ಸಣ್ಣದಾಗಿ ಕೊಯ್ದು, ಅನ್ನನಾಳ ಶ್ವಾಸನಾಳ ಪಕ್ಕಕ್ಕೆ ಸರಿಸಿ ಡಿಸ್ಕ್ ತೆಗೆಯುತ್ತಾರೆ. ಆ ಜಾಗದಲ್ಲಿ ಕೇಜ್ ಅನ್ನುವ ಸಣ್ಣ ಆಸರೆ ಇಟ್ಟು, ಅಲುಗದಂತೆ ಲೋಹದ ಪ್ಲೇಟ್ ಹಾಕುತ್ತಾರೆ. ಮೇಲಿನ ಕೆಳಗಿನ ಎಲುಬು ನಿಧಾನಕ್ಕೆ ಕೂಡಿಕೊಳ್ಳುತ್ತವೆ. 1950ರ ದಶಕದಿಂದ ಮಾಡುತ್ತಾ ಬಂದ ಆಪರೇಷನ್ ಇದು. ನನಗೆ ಸೆಳೆತ ಬೇಗ ಹೋಯಿತು, ಜೋಮು ನಿಧಾನ. ಸ್ವಲ್ಪ ದಿನ ಅನ್ನ ನುಂಗಲು ಕಷ್ಟ, ಗಂಜಿಯೇ ಗತಿ. ದನಿಯೂ ಒಡೆದಿತ್ತು. ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ, ಅದಕ್ಕೇ ಹೇಳಿದೆ.

ಯಜಮಾನರು ಕವಳ (ಎಲೆಅಡಿಕೆ) ಹಾಕುತ್ತಾರಾ? ಅದರಲ್ಲಿ ತಂಬಾಕಿದ್ದರೆ ಇವತ್ತೇ ಬಿಡಿಸಿ. ಎಲುಬು ಕೂಡುವುದಕ್ಕೆ ನಿಕೋಟಿನ್ ಅಡ್ಡಿ. ಕೈಮುಗಿದು ಹೇಳುತ್ತೇನೆ.

ಕಾರವಾರದಿಂದ:
ಎಲ್ಲರಿಗೂ ಎಲುಬು ಕೂಡಿಸಲೇಬೇಕು ಅಂತಿಲ್ಲ. ನನ್ನ ತಮ್ಮನಿಗೆ ಡಿಸ್ಕ್ ಒಂದು ಪಕ್ಕಕ್ಕೆ ಜಾರಿತ್ತು. ಹಿಂದಿನಿಂದ ಹೋಗಿ ನರ ಹೊರಬರುವ ಕಿಂಡಿ ಅಗಲ ಮಾಡಿದರು. ಕೃತಕ ಡಿಸ್ಕ್ ಹಾಕುವುದೂ ಇದೆ. ನಮಗೆ ಯಾವುದು, ಉಳಿದದ್ದು ಯಾಕೆ ಬೇಡ ಅಂತ ಬಿಡದೆ ಕೇಳಿ. ಮಣಿಪಾಲ, ಹುಬ್ಬಳ್ಳಿ ಎಲ್ಲಿಗೇ ಹೋದರೂ ಎಂಆರ್‌ಐ ಫಿಲ್ಮ್ ಒಯ್ಯಿರಿ, ರಿಪೋರ್ಟ್ ಮಾತ್ರ ಸಾಲದು. ಆಯುಷ್ಮಾನ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿ. ಮಣಿಪಾಲದಿಂದ ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಬಸ್ ಬೇಡ, ಕಾರಿನಲ್ಲಿ ನಿಧಾನಕ್ಕೆ ಬನ್ನಿ.

ಅಂಕೋಲಾದಿಂದ, ನಾನು ಫಿಸಿಯೋ:
ಅಂಗಿ ಗುಂಡಿ ಹಾಕಲು ತಡವರಿಸಿದರೆ, ನಡೆಯುವಾಗ ಕಾಲು ತಪ್ಪಿದರೆ, ಮೂತ್ರ ತಡೆಯಲಾಗದಿದ್ದರೆ ಒತ್ತಡ ಬೆನ್ನುಹುರಿಗೇ ಬಿದ್ದಿರಬಹುದು. ಆಗ ಒಂದು ದಿನವೂ ಕಾಯಬೇಡಿ. ಕುತ್ತಿಗೆ ಲಟಕ್ಕೆಂದು ತಿರುಗಿಸಿ ಸರಿ ಮಾಡುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಶಿರಸಿಯಿಂದ:
ಈಗಷ್ಟೇ ಗೋಡೆಗೆ ಕೈಕೊಟ್ಟು ದೂಡಲು ಹೇಳಿದೆ. ಎಡಗೈ ಸೋಲುತ್ತಿದೆ. ನಾಳೆ ಚೀಟಿ ಮಾಡಿಸಲು ಹೋಗುತ್ತೇವೆ. ಕುಮಟಾದವರೇ, ಆಪರೇಷನ್ ಆದಮೇಲೆ ಕುತ್ತಿಗೆಗೆ ಕಾಲರ್ ಪಟ್ಟಿ ಎಷ್ಟು ದಿನ ಹಾಕಿದಿರಿ?