ಅಪ್‌ಡೇಟ್: ಮಗಳ ಏರ್ ರೈಫಲ್ ಅಭ್ಯಾಸಕ್ಕೆ ಜಾಗ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮಗಳಿಗೆ ಏರ್ ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಅಭ್ಯಾಸ ಮಾಡಿಸಲು ಸುರಕ್ಷಿತ ಜಾಗ ಎಲ್ಲಿದೆ ಅಂತ. ಹಳೆಯ ಮುರಕಲ್ಲಿನ (ಕೆಂಪು ಕಲ್ಲಿನ) ಕೋರೆ ನೋಡಿ ಅಂತ ಇಬ್ಬರು ಹೇಳಿದ್ದಿರಿ.

ಹೋಗಿ ನೋಡಿದೆ. ಮೂರು ಕಡೆ ಎತ್ತರದ ಗೋಡೆ, ಒಳ್ಳೆಯ ಜಾಗ ಅನ್ನಿಸಿತು. ಆದರೆ ಗಟ್ಟಿ ಕಲ್ಲಿಗೆ ಬಡಿದ ಗುಂಡು ತಿರುಗಿ ಎತ್ತ ಹಾರುತ್ತದೋ ಹೇಳಲಾಗದು. ಮೇಲಿನ ಅಂಚಿನಲ್ಲಿ ಕಾಲುದಾರಿ ಬೇರೆ. ನಿಂತಿದ್ದ ಹತ್ತೇ ನಿಮಿಷದಲ್ಲಿ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ದಾಟಿದರು. ಎದೆ ಝಲ್ಲೆಂದಿತು. ಆ ಯೋಚನೆ ಅಲ್ಲೇ ಬಿಟ್ಟೆ. ನಮ್ಮ ತೋಟವೂ ಬೇಡ, ಅಡಿಕೆ ಮರಗಳ ಆಚೆ ಯಾರಿದ್ದಾರೆ ಅಂತ ಕಾಣುವುದಿಲ್ಲ ಅಲ್ವಾ?

ಈಗ ಭಾನುವಾರ ಮಂಗಳೂರಿನ ಒಂದು ಶೂಟಿಂಗ್ ರೇಂಜಿಗೆ ಹೋಗುತ್ತೇವೆ. ದೂರ 10 ಮೀಟರ್, ಗುಂಡು 4.5 ಮಿಲಿಮೀಟರ್, ಗುರಿಯ ನಡುವಿನ ಚುಕ್ಕೆ ಬರೀ 0.5 ಮಿಲಿಮೀಟರ್. ಕೋಚ್ ಮೊದಲ ದಿನ ಗುಂಡೇ ಕೊಡಲಿಲ್ಲ. ನಳಿಗೆ ಸದಾ ಗುರಿಯ ಕಡೆಗೆ, ಹೊಡೆಯುವ ಹೊತ್ತಿನವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ. ಇದನ್ನೇ ಒಂದು ಗಂಟೆ ಮಾಡಿಸಿದರು. ಸೀಸದ ಗುಂಡು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬುತ್ತಿ ಬಿಚ್ಚುವಂತಿಲ್ಲ.

ಕೋರೆಗೆ ಈಗಲೂ ಹೋಗುವವರು ದಯವಿಟ್ಟು ಒಮ್ಮೆ ರೈಫಲ್ ಇಲ್ಲದೆ ಹೋಗಿ, ಸುಮ್ನೆ ಅರ್ಧ ಗಂಟೆ ಆ ಕಾಲುದಾರಿ ನೋಡುತ್ತಾ ನಿಲ್ಲಿ.