ಗಲ್ ಹಕ್ಕಿಗೆ ಫಲಕದಲ್ಲಿ ಯಾವ ಪದ?

ಪ್ರಶ್ನೆ:
ಮಾನ್ಯರೇ, ಚಳಿಗಾಲದಲ್ಲಿ ಗಲ್ ಹಕ್ಕಿಗಳು ಬಂದಿಳಿಯುವ ಜಲಾಶಯವೊಂದರ ದಂಡೆಯಲ್ಲಿ ನಿಲ್ಲಿಸಬೇಕಾದ ಮಾಹಿತಿ ಫಲಕದ ಪಠ್ಯ ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕಾಗಿದೆ. ನಮ್ಮ ಪಕ್ಷಿವೀಕ್ಷಕರಲ್ಲಿ ಕೆಲವರು ‘ಕಡಲಕ್ಕಿ’ ಎನ್ನುತ್ತಾರೆ, ಕೆಲವರು ‘ಕಡಲಕಾಗೆ’ ಎನ್ನುತ್ತಾರೆ. ದುರ್ಬೀನು ಹಿಡಿದು ನಿಂತಾಗ ಮಾತ್ರ ಎಲ್ಲರ ಬಾಯಲ್ಲೂ ‘ಗಲ್’ ಎಂದೇ ಬರುತ್ತದೆ. ಸಿಹಿನೀರಿನ ದಂಡೆಯಲ್ಲಿ ‘ಕಡಲು’ ಎಂದು ಬರೆಯುವುದು ಸರಿಯೇ ಎಂಬುದು ನನ್ನ ಮೊದಲ ಸಂದೇಹ. ಎರಡನೆಯದು, ‘ಮೊದಲ ಚಳಿಗಾಲದ ಹಕ್ಕಿಯ ಬಾಲದ ತುದಿಯಲ್ಲಿ ಕಪ್ಪು ಪಟ್ಟಿಯಿರುತ್ತದೆ’ ಎಂಬ ವಾಕ್ಯ. ಇದನ್ನು ಓದಿದವರು, ಆ ವರ್ಷದ ಚಳಿಗಾಲದಲ್ಲಿ ಎಲ್ಲಕ್ಕಿಂತ ಮೊದಲು ಬಂದ ಹಕ್ಕಿ ಎಂದು ತಿಳಿದುಕೊಂಡರು. ‘ಎಳೆಯ ಹಕ್ಕಿ’ ಎಂದರೆ ಸಾಲದು, ಏಕೆಂದರೆ ದೊಡ್ಡ ಗಲ್‌ಗಳು ಪೂರ್ಣ ಬಣ್ಣಕ್ಕೆ ಬರಲು ಸುಮಾರು 4 ವರ್ಷ ಹಿಡಿಯುವುದರಿಂದ ಎರಡನೆಯ, ಮೂರನೆಯ ಚಳಿಗಾಲದವನ್ನೂ ಬೇರೆ ಬೇರೆಯಾಗಿ ಹೇಳಬೇಕಾಗುತ್ತದೆ.

ಉತ್ತರ:
‘ಗಲ್’ ಬೇಡ. ಬಸ್ಸು, ಪೆನ್ನುಗಳಂತೆ ಇದಕ್ಕೂ ಉಕಾರ ಹತ್ತಿದರೆ ‘ಗಲ್ಲು’ ಆಗುತ್ತದೆ; ದಂಡೆಯ ಮೇಲೆ ‘ಇಲ್ಲಿ ಗಲ್ಲುಗಳನ್ನು ನೋಡಬಹುದು’ ಎಂಬ ಫಲಕ ನಿಂತರೆ ಹೇಗಿರುತ್ತದೆ ಎಂಬುದನ್ನು ತಾವೇ ಊಹಿಸಿಕೊಳ್ಳಿ. ‘ಸಾಗರಹಕ್ಕಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ. ‘ಕಡಲಕಾಗೆ’ಯಲ್ಲಿಯೂ ಆದೇಶವನ್ನು ಬಿಟ್ಟಿದ್ದಾರೆ, ಮಳೆಗಾಲ, ಬೆಟ್ಟದಾವರೆಗಳನ್ನು ಒಪ್ಪುವವರಿಗೆ ‘ಕಡಲ್ಗಾಗೆ’ ಏಕೆ ಕಷ್ಟವಾಗಬೇಕು? ಅಚ್ಚಗನ್ನಡದ ಪದ ಕೈಯಲ್ಲಿರುವಾಗ ಎರವಲಿಗೆ ಕೈಚಾಚುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಮರು ಉತ್ತರ:
ಅಚ್ಚಗನ್ನಡ ಎಂದವರು ‘ಕಾಗೆ’ಯನ್ನು ‘ಕಾಕ’ದ ತದ್ಭವವೆಂದು, ‘ಹಕ್ಕಿ’ಯನ್ನು ‘ಪಕ್ಷಿ’ಯ ತದ್ಭವವೆಂದು ಶಾಲೆಯಲ್ಲಿ ಓದಿರಲೇಬೇಕು. ಇಂಗ್ಲಿಷಿನವರೂ ‘ಗಲ್’ ಎಂಬುದನ್ನು ಸೆಲ್ಟಿಕ್ ನುಡಿಯಿಂದ ಎರವಲು ಪಡೆದವರೇ. ವೆಲ್ಶಿನಲ್ಲಿ ಅದು ಇಂದಿಗೂ ‘ಗ್ವಿಲನ್’. ಆದೇಶಸಂಧಿಯ ವಾದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ‘ನೀರುಕಾಗೆ’ ಎಂಬ ಹೆಸರು ಈಗಾಗಲೇ ಇನ್ನೊಂದು ಹಕ್ಕಿಗೆ ಸಂದಿದೆ, ಮತ್ತು ಅದು ಅದೇ ಜಲಾಶಯದ ಕಲ್ಲಿನ ಮೇಲೆ ರೆಕ್ಕೆ ಹರವಿಕೊಂಡು ಒಣಗಿಸುತ್ತ ಕೂತಿರುತ್ತದೆ. ಎರಡು ಕಾಗೆಗಳು, ಎರಡೂ ಕಾಗೆಯಲ್ಲ. ನೋಡಲು ಬಂದವರ ಗತಿಯೇನು?

ಕಡಲು ಎಂಬುದರ ಬಗ್ಗೆ ಅಷ್ಟು ಚಿಂತೆ ಬೇಡ. ಹೆಸರು ವಿಳಾಸವಲ್ಲ. ಕರಿದಲೆಯ ಗಲ್‌ನ ತಲೆ ಬೇಸಿಗೆಯಲ್ಲಿಯೂ ಕಪ್ಪಲ್ಲ, ಕಡುಗಂದು. ಚಳಿಗಾಲದಲ್ಲಂತೂ ತಲೆಯೆಲ್ಲ ಬಿಳಿಯಾಗಿ, ಕಣ್ಣಿನ ಹಿಂದೆ ಶಾಯಿಯ ಬೆರಳಚ್ಚು ಬಿದ್ದಂಥ ಒಂದು ಮಸುಕು ಕಲೆ ಮಾತ್ರ ಉಳಿಯುತ್ತದೆ. ಫಲಕದಲ್ಲಿ ವಿವರಿಸಬೇಕಾದದ್ದು ಅದು. ‘ಕಡಲಕ್ಕಿ’ ಎಂದೇ ಬರೆಯಿರಿ, ಗಲ್‌ಗಳ ಹತ್ತಿರದ ಬಳಗವಾದ ಟರ್ನ್ ಹಕ್ಕಿಗಳನ್ನು ರೀವ ಎಂದೇ ಕರೆದರೆ ಬೆರಕೆಯಾಗುವುದಿಲ್ಲ. ಎರಡನೆಯ ಸಂದೇಹಕ್ಕೆ ‘ತನ್ನ’ ಎಂಬ ಒಂದು ಪದ ಸಾಕು: ‘ತನ್ನ ಮೊದಲ ಚಳಿಗಾಲದಲ್ಲಿರುವ ಹಕ್ಕಿ’.

ಉತ್ತರ:
ತದ್ಭವ ಎರವಲಲ್ಲ, ಅದು ಕನ್ನಡವಾಗಿ ಶತಮಾನಗಳೇ ಕಳೆದಿವೆ. ‘ಕಡಲಕ್ಕಿ’ ಎಂದು ಹಕಾರವನ್ನು ನುಂಗಿದರೆ ಓದುವವರು ಅಕ್ಕಿಯ ತಳಿಯೆಂದುಕೊಂಡಾರು. ಇನ್ನು ಈ ವಿಷಯದಲ್ಲಿ ನಾನು ಬರೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆಗಳು. ಹಕಾರವನ್ನು ಉಳಿಸಿ ‘ಕಡಲಹಕ್ಕಿ’ ಎಂದು ಬರೆಸುತ್ತೇನೆ, ‘ತನ್ನ’ವನ್ನೂ ಸೇರಿಸುತ್ತೇನೆ. ಸಂಜೆ ಇವು ಗುಂಪುಗುಂಪಾಗಿ ನೀರಿನ ನಡುವೆ ಇಳಿದು ರಾತ್ರಿ ಕಳೆಯುವ ಜಾಗಕ್ಕೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ‘ತಂಗುದಾಣ’ ಎಂದು ಬರೆದಿದ್ದೆ. ಕರಡು ನೋಡಿದವರು ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು.